ಅಂಬಾಸಿಡರ್ ನೆತ್ತಿಯ ತುಕ್ಕು

ಬೆಂಗಳೂರಿನ ಪುರಭವನದ ಕಡೆಯಿಂದ ಜೆ.ಸಿ. ರಸ್ತೆ ಹಿಡಿದು ಮಿನರ್ವ ವೃತ್ತದತ್ತ ಹೊರಟವರಿಗೆ ರವೀಂದ್ರ ಕಲಾಕ್ಷೇತ್ರ ದಾಟಿದ ಸ್ವಲ್ಪ ಹೊತ್ತಿಗೆ ಗಾಳಿಯ ವಾಸನೆಯೇ ಬದಲಾಗುತ್ತದೆ. ರಬ್ಬರು, ಗ್ರೀಸು, ರೆಕ್ಸಿನ್! ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳ ಸಾಲು ಇದು. ಹಿಂದಿನ ಗಲ್ಲಿಗಳಿಗೆ ಹೊಕ್ಕರೆ ಸುತ್ತಿಗೆಯ ಸದ್ದು, ಥಿನ್ನರಿನ ಘಾಟು.

ಅಂಥದೊಂದು ಶೆಡ್ಡಿನಲ್ಲಿ ಬಿಳಿಯ ಅಂಬಾಸಿಡರ್ ಕಾರೊಂದು ಟಾಪಿಗೆ ಹೊಸ ಬಣ್ಣ ಹೊಡೆಸಿಕೊಳ್ಳಲು ಬಂದು ನಿಂತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಈ ಗುಂಡು ಮೈಯ ಕಾರನ್ನು ಇಂದಿನ ಮಕ್ಕಳು ಹಳೆಯ ಸಿನಿಮಾಗಳಲ್ಲಷ್ಟೇ ಕಂಡಿರಬಹುದು. ಟಾಪಿನ ಎರಡೂ ಬದಿಗೆ ಮಳೆನೀರು ಹರಿದುಹೋಗಲು ಸಣ್ಣ ಕಾಲುವೆಯಿದೆ. ಅದರ ಅಂಚಿಗೆ ಯಾವಾಗಲೋ ಹಾಕಿಸಿದ ಹೊಳೆಯುವ ಸ್ಟೀಲ್ ಪಟ್ಟಿ.

ತಕರಾರು ಆ ಪಟ್ಟಿಯದೇ. ತಂದೆ ಕೊಂಡ ಕಾರನ್ನು ಜತನದಿಂದ ಕಾಪಾಡಿಕೊಂಡು ಬಂದ ಯಜಮಾನರು ಪಟ್ಟಿ ಬಿಚ್ಚುವುದು ಬೇಡ, ಟೇಪು ಅಂಟಿಸಿ ಬಣ್ಣ ಹೊಡೆಯಿರಿ ಎನ್ನುತ್ತಾರೆ. ಬಿಚ್ಚುವಾಗ ಬಗ್ಗಿದರೆ ಅಂಥದೇ ಇನ್ನೊಂದು ಎಲ್ಲಿ ಹುಡುಕುವುದು? ಭಯ ಸುಳ್ಳೇನೂ ಅಲ್ಲ. ಮೇಸ್ತ್ರಿಯದು ಒಂದೇ ಮಾತು: "ಬಣ್ಣ ನಾಳೇನೇ ಹೊಡೀತೀನಿ ಸಾರ್. ಅದರ ಕೆಳಗೆ ಏನಿದೆ ಅಂತ ಒಂದ್ಸಲ ನೋಡಿಬಿಡಿ."

ಕೊನೆಗೆ ಯಜಮಾನರು ಒಪ್ಪುತ್ತಾರೆ. ಮೇಸ್ತ್ರಿ ಮರದ ಚಪ್ಪಟೆ ಬೆಣೆಯಿಂದ ಒಂದು ತುದಿಯನ್ನು ಕೂದಲೆಳೆಯಷ್ಟು ಎತ್ತುತ್ತಾರೆ, ಗೇಣು ಮುಂದೆ ಸರಿದು ಮತ್ತೆ ಅಷ್ಟೇ. ಅವಸರ ಮಾಡಿದರೆ ಪಟ್ಟಿ ಮಡಚಿಕೊಳ್ಳುತ್ತದೆ. ಕಾಲು ಗಂಟೆಯ ಬಳಿಕ ಅದು ನೆಟ್ಟಗೆ ಕೈಗೆ ಬಂದಾಗ ಕೆಳಗೆ ಕಂಡದ್ದು ಕಂದು ಪುಡಿ! ಲಗೇಜ್ ಕ್ಯಾರಿಯರ್‌ನ ಕಾಲುಗಳು ಕಾಲುವೆಯನ್ನು ಕಚ್ಚಿ ಹಿಡಿದಿದ್ದ ಕಡೆಯಂತೂ ಸ್ಕ್ರೂಡ್ರೈವರ್ ಒತ್ತಿದರೆ ಒಳಕ್ಕೇ ಹೋಗುತ್ತದೆ.

ತುಕ್ಕಿಗೆ ನೀರು, ಗಾಳಿ ಎರಡೂ ಬೇಕೆಂದು ಓದಿದ ವಿದ್ಯಾರ್ಥಿಗಳು ಇಲ್ಲಿ ಪ್ರಶ್ನೆ ಕೇಳಬೇಕು. ಪಟ್ಟಿಯ ಅಡಿಯಲ್ಲಿ ಗಾಳಿ ಕಡಿಮೆಯಲ್ಲವೆ? ಹೌದು, ಅದೇ ಕಾರಣ! ಸಂದಿನಲ್ಲಿ ನಿಂತ ನೀರಿನ ಹೊರ ಅಂಚಿಗೆ ಆಮ್ಲಜನಕ ಸಿಗುತ್ತದೆ, ಒಳಗೆ ಸಿಗುವುದಿಲ್ಲ. ಈ ವ್ಯತ್ಯಾಸದಿಂದಲೇ ಒಂದೇ ತಗಡು ಪುಟ್ಟ ವಿದ್ಯುತ್ ಕೋಶವಾಗಿಬಿಡುತ್ತದೆ. ಆಮ್ಲಜನಕ ಕಡಿಮೆಯಿರುವ ಕಡೆ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಬಣ್ಣ ಸವೆದು ಸ್ಟೇನ್‌ಲೆಸ್ ಸ್ಟೀಲ್ ನೇರವಾಗಿ ತಗಡಿಗೆ ತಾಗಿದರೆ ಸವೆತಕ್ಕೆ ಇನ್ನಷ್ಟು ವೇಗ. ಹುಟ್ಟುವ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣ ಉಬ್ಬಿ ಒಡೆಯುತ್ತದೆ. ಇದರ ಮೇಲೆಯೇ ಪುಟ್ಟಿ ಮೆತ್ತಿದರೆ ಅದು ತೇವ ಹೀರಿಕೊಂಡು ತುಕ್ಕನ್ನು ಒಳಗೊಳಗೇ ಸಾಕುತ್ತದೆ.

ಕೊಳೆತ ತಗಡನ್ನು ಕತ್ತರಿಸಿ ತೇಪೆ ಬೆಸುಗೆ ಹಾಕಬೇಕು. ಬೆಂಕಿ ತಗುಲದಂತೆ ಒಳಚಾವಣಿಯ ಬಟ್ಟೆ ಮೊದಲೇ ಇಳಿದಿದೆ. ಉಳಿದ ಕಡೆ 80ನೇ ನಂಬರಿನ ಕಾಗದದಿಂದ ಶುರುವಾಗಿ 180, 320, 400. ಸಂಖ್ಯೆ ಏರಿದಂತೆ ಕಣ ನುಣುಪು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದಾದ್ದರಿಂದ ಆ ಪದರವನ್ನು ನೀರು ಹಾಕಿಯೇ ಉಜ್ಜುತ್ತಾರೆ. ಐಟಿಐ ಮುಗಿಸಿ ಬಂದ ಹುಡುಗ ಮುಖಗವಸು ಕೆಳಗಿಳಿಸಿದರೆ ಮೇಸ್ತ್ರಿ ಗದರುತ್ತಾರೆ. ಆ ಧೂಳು ಬಟ್ಟೆಯೊಡನೆ ಮನೆಗೆ ಹೋದರೆ ಎಳೆಯ ಮಕ್ಕಳ ಮಿದುಳಿಗೇ ಕುತ್ತು. ಕೆಲಸದ ಅಂಗಿ ಶೆಡ್ಡಿನಲ್ಲೇ ಉಳಿಯಬೇಕೆಂಬುದು ಇಲ್ಲಿನ ಕಟ್ಟಪ್ಪಣೆ.

ಟಾಪು ಪೂರ್ತಿ ಒಣಗಿದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ ಪ್ರೈಮರ್. ಕಾಲುವೆಯ ಜೋಡಣೆಗೆ ಹೊಸ ಸೀಲರ್ ಮೆತ್ತಬೇಕು, ಪಟ್ಟಿ ಕೂರುವ ಅಂಚಿಗೂ ಬಣ್ಣ ತಲುಪಬೇಕು. ಪಟ್ಟಿ ವಾಪಸು ಏರುವುದು ಅದು ಗಟ್ಟಿಯಾದ ಮೇಲೆಯೇ.

ಒರೆಸಿ ಮುಗಿದ ಟಾಪನ್ನು ಸವರಿ ನೋಡಲು ಯಜಮಾನರು ಕೈ ಚಾಚುತ್ತಾರೆ. "ಮುಟ್ಟಬೇಡಿ ಸಾರ್," ಎಂದು ಮೇಸ್ತ್ರಿ ತಡೆಯುತ್ತಾರೆ, "ಕೈಯಲ್ಲಿ ಎಣ್ಣೆ, ಉಪ್ಪು ಎರಡೂ ಇರ್ತವೆ." ಯಜಮಾನರು ಕೈ ಹಿಂದಕ್ಕೆ ಕಟ್ಟಿಕೊಂಡು, ಗೋಡೆಗೆ ಒರಗಿಸಿಟ್ಟ ಪಟ್ಟಿಯ ಬಳಿ ಹೋಗಿ ನಿಲ್ಲುತ್ತಾರೆ. ಅದರ ಮೇಲಿನ ಟೇಪಿನಲ್ಲಿ ಪೆನ್ನಿನಿಂದ 'ಎಡ, ಮುಂದೆ' ಎಂದು ಬರೆದಿದೆ.