ಗೋಕರ್ಣದ ದಾರಿಯಲ್ಲಿ ಜಾವಾ

ನಾನು ಆಗೊಮ್ಮೆ ಈಗೊಮ್ಮೆ ಶಾಲೆಗೆ ತರುತ್ತಿದ್ದ ಕೆಂಪು ಜಾವಾ ಮೋಟಾರ್ ಸೈಕಲ್ಲಿನ ನೆನಪು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಇರಬಹುದು. ಅದರ ಸದ್ದು ಕೇಳಿದೊಡನೆ ತರಗತಿಯ ಗದ್ದಲ ಅಡಗುತ್ತಿತ್ತೆಂದು ಶಿಷ್ಯನೊಬ್ಬ ಈಚೆಗೆ ಹೇಳಿ ನಕ್ಕ. ಆ ವಾಹನ ನನ್ನದಲ್ಲ, ನಮ್ಮ ತಂದೆಯವರದು. ಅದು ಕೊನೆಗೆ ಯಾರ ಪಾಲಿಗೆ ಹೋಯಿತೆಂಬುದನ್ನು ಬಂಧುಗಳು ಬಲ್ಲರು. ಹೇಗೆ ಹೋಯಿತೆಂಬುದನ್ನು ಬಲ್ಲವರು ಇಬ್ಬರೇ.

ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕನ್ನು ಕೊಂಡು, 1929ರಲ್ಲಿ ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ಜಾವಾ’ ಎಂದು ಹೆಸರಿಟ್ಟನು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. 1973ರಿಂದ ಅಲ್ಲಿಯ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ತಂದೆಯವರು 1966ರಲ್ಲಿ ಕೊಂಡ 250 ಸಿಸಿ ಜಾವಾ ನಮ್ಮ ಮನೆಯಲ್ಲಿ ಮೂರನೆಯ ಮಗನಂತೆಯೇ ಬೆಳೆಯಿತು. ಅದರಲ್ಲಿ ಒಮ್ಮೆ ಗೋಕರ್ಣಕ್ಕೆ ಹೋಗಿಬರಬೇಕೆಂಬುದು ಅವರ ಬಯಕೆಯಾಗಿತ್ತು. ಅದು ಕೈಗೂಡಲಿಲ್ಲ.

ಅವರು ತೀರಿಕೊಂಡ ಮೇಲೆ 1993ರಲ್ಲಿ ನಮ್ಮ ಪಾಲುಪಾರಿಕತ್ತು ನಡೆಯಿತು. ನಾನು ಓದಿ, ಬಿ.ಎಡ್. ಮುಗಿಸಿ ಪಟ್ಟಣ ಸೇರಿದ್ದೆ. ನನ್ನ ತಮ್ಮ ಎಸ್ಸೆಸ್ಸೆಲ್ಸಿಗೇ ನಿಂತು ಕೃಷ್ಣರಾಜನಗರದ ಕಡೆಯ ನಮ್ಮ ಊರಿನಲ್ಲಿ ಬೇಸಾಯವನ್ನೂ ತಂದೆತಾಯಿಯರನ್ನೂ ನೋಡಿಕೊಂಡಿದ್ದ. ಕಾನೂನಿನ ಮಾತು ಹಿಡಿದು ನಾನು ನಾಲೆಯ ನೀರಿನ ಗದ್ದೆಯಲ್ಲಿ ಸರಿಯರ್ಧ ಪಡೆದೆ. ಅವನು ಒಂದು ಮಾತೂ ಆಡದೆ ಸಹಿ ಹಾಕಿದ. ಅಂದಿನಿಂದ ನನ್ನೊಡನೆಯೂ ಮಾತಾಡಲಿಲ್ಲ. ಜಾವಾ ಮಾತ್ರ ಪಾಲಾಗದೆ ಕೊಟ್ಟಿಗೆಯಲ್ಲಿ ನಿಂತಿತು. ತಾಯಿಯವರು ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು, “ಮೊದಲು ಇಬ್ಬರೂ ಅದರ ಮೇಲೆ ಗೋಕರ್ಣಕ್ಕೆ ಹೋಗಿ ನಿಮ್ಮಪ್ಪನ ಕಾರ್ಯ ಮಾಡಿಕೊಂಡು ಬನ್ನಿ. ಆಮೇಲೆ ಅದು ಯಾರದು ಅನ್ನೋದನ್ನ ಮಾತಾಡೋಣ” ಎಂದರು.

ಡಿಸೆಂಬರಿನ ಒಂದು ಮುಂಜಾನೆ ಹೊರಟೆವು. ನಾನೂರು ಕಿಲೋಮೀಟರಿಗೂ ಮೀರಿದ ದಾರಿ. ಹಾಸನದವರೆಗೆ ನಮ್ಮ ನಡುವೆ ನಡೆದದ್ದು “ನಿಲ್ಲಿಸು”, “ಹೊರಡು” ಎಂಬ ಎರಡೇ ಮಾತು. ಬೇಲೂರು ದಾಟಿದ ಮೇಲೆ ವಾಹನ ಕೆಮ್ಮಿ ನಿಂತಿತು. ತಮ್ಮ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ. ಅದರ ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಇಂಜಿನ್ ಸುಖವಾಗಿದೆಯೆಂದರ್ಥ. ಬೆಳ್ಳಗಿದ್ದರೆ ಅತಿಯಾಗಿ ಕಾದಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚಾಗಿದೆ. ನಮ್ಮದು ಕಾಡಿಗೆಯಂತೆ ಕಪ್ಪಗಿತ್ತು. ಈ ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಲೀಟರಿಗೆ 40 ಮಿಲಿಲೀಟರ್ ತಂದೆಯವರ ಲೆಕ್ಕ. ಹಾಸನದಲ್ಲಿ ಎಣ್ಣೆ ಹಾಕಿಸಿದವನು ನಾನು, ಅದೂ ಅಂದಾಜಿನಲ್ಲಿ. ತಮ್ಮ ಏನೂ ಅನ್ನದೆ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು, ಗರಗಸದ ಬ್ಲೇಡಿನ ತುಂಡೊಂದನ್ನು ತೂರಿಸಿ ಅಂತರ ನೋಡಿ ಹಾಕಿದ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ತರೀಕೆರೆಯಲ್ಲಿ ರಾತ್ರಿ ತಂಗಿ ಮರುದಿನ ಭದ್ರಾವತಿ ದಾಟುತ್ತಿರುವಾಗ ಕ್ಲಚ್ ಕೇಬಲ್ ಹರಿಯಿತು. ಪ್ರಯಾಣ ಮುಗಿಯಿತೆಂದೇ ನಾನು ಎಣಿಸಿದೆ. ಜಾವಾದ ಜಾಣತನ ನನಗೆ ತಿಳಿದದ್ದು ಆಗಲೇ. ಅದರಲ್ಲಿ ಗೇರಿನ ಕಡ್ಡಿಯನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ. ಒತ್ತಿ ಹಿಡಿದು, ಮೆಲ್ಲಗೆ ಕಾಲು ಸಡಿಲಿಸಿದರೆ ವಾಹನ ಮುಂದೆ ಸರಿಯುತ್ತದೆ. ತಮ್ಮ ಕೈಯ ಕ್ಲಚ್ಚಿಲ್ಲದೆಯೇ ಶಿವಮೊಗ್ಗದ ಪೇಟೆಯವರೆಗೆ ಓಡಿಸಿದ. ಅಲ್ಲಿ ಹೊಸ ಕೇಬಲ್ ಹಾಕಿಸಿದೆವು. “ಇದನ್ನು ಯಾರು ಕಲಿಸಿದರೋ?” ಎಂದು ಕೇಳಿದೆ. “ಅಪ್ಪ. ನೀನು ಕಾಲೇಜಿನಲ್ಲಿದ್ದಾಗ” ಎಂದ. ಅಷ್ಟೇ.

ಸಾಗರ ಬಿಟ್ಟು ತಾಳಗುಪ್ಪದ ಸಮೀಪ ಬರುವ ವೇಳೆಗೆ ಕತ್ತಲಾಗಿತ್ತು. ಇಂಜಿನ್ ಎರಡು ಸಲ ಮುಗ್ಗರಿಸಿ ಆರಿಹೋಯಿತು. ಪೆಟ್ರೋಲ್ ಬರುತ್ತಿದೆ. ಪ್ಲಗ್ಗನ್ನು ಇಂಜಿನ್ನಿನ ಮೇಲೆ ಒರಗಿಸಿಟ್ಟು ಕಿಕ್ ಮಾಡಿದರೆ ನೀಲಿ ಕಿಡಿ ಸಿಡಿಯಬೇಕು. ಕಂಡದ್ದು ಬಡಕಲು ಕೆಂಪು ಕಿಡಿ. ಬಲಬದಿಯ ಮುಚ್ಚಳ ಬಿಚ್ಚಿದೆವು. ಒಳಗಿನ ಪಾಯಿಂಟುಗಳ ಫೈಬರ್ ಸವೆದು, ಎರಡರ ನಡುವಿನ ಅಂತರ ಮುಚ್ಚಿಕೊಂಡಿತ್ತು.

ಹತ್ತನೆಯ ತರಗತಿಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ ವಿಷಯವದು. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಥಟ್ಟನೆ ಕಡಿದಾಗ ಮಾತ್ರ ಎರಡನೆಯ ಸುರುಳಿಯಲ್ಲಿ ಕಿಡಿ ಹಾರಿಸುವಷ್ಟು ಒತ್ತಡ ಹುಟ್ಟುತ್ತದೆ. ಕಪ್ಪುಹಲಗೆಯ ಮೇಲೆ ನೂರು ಸಲ ಬರೆದವನು ನಾನು. ಕೈಯಿಂದ ಸರಿಪಡಿಸಬಲ್ಲವನು ತಮ್ಮ. ತಂದೆಯವರ ಉಪಕರಣದ ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಫೀಲರ್ ಗೇಜ್ ಇತ್ತು. ಅಂತರ 0.4 ಮಿಲಿಮೀಟರ್ ಇರಬೇಕು. ನಾನು ಟಾರ್ಚ್ ಹಿಡಿದು, ಆ ಅಳತೆಯ ತಗಡನ್ನು ಹುಡುಕಿ ಕೊಟ್ಟೆ. ಅವನು ಸ್ಕ್ರೂ ಸಡಿಲಿಸಿ, ತಗಡು ತೂರಿಸಿ, ಮತ್ತೆ ಬಿಗಿದ. ಬಿಗಿಯುವಾಗ ಅಂತರ ಜರುಗಿತು. ಮತ್ತೆ, ಮತ್ತೊಮ್ಮೆ.

ನಾಲ್ಕನೆಯ ಸಲ ಅವನು ಕೆಲಸ ನಿಲ್ಲಿಸಿ, ತಲೆಯೆತ್ತದೆಯೇ ಹೇಳಿದ: “ಅಣ್ಣ, ಗದ್ದೆ ಹೋಯಿತು ಅಂತ ನನಗೆ ಬೇಜಾರಿಲ್ಲ. ಹದಿನಾರು ವರ್ಷ ಉತ್ತಿದ್ದೀನಿ, ನಿನಗೆ ಎಷ್ಟು ಬೇಕು ಅಂತ ನೀನು ನನ್ನನ್ನ ಒಂದು ಮಾತು ಕೇಳಬಹುದಿತ್ತು.”

ನನ್ನ ಕೈಯ ಟಾರ್ಚ್ ಅಲುಗಿತು. ತರಗತಿಯಲ್ಲಿ ಎಂಥ ಪ್ರಶ್ನೆಗೂ ತಡವರಿಸದ ನನಗೆ ಉತ್ತರ ಹೊಳೆಯಲಿಲ್ಲ. ಕೊನೆಗೆ “ಕೇಳಬೇಕಾಗಿತ್ತು. ನನ್ನದು ತಪ್ಪಾಯಿತು” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳಕು ಸರಿಯಾಗಿ ಹಿಡಿ” ಎಂದ. ಐದನೆಯ ಸಲಕ್ಕೆ ಅಂತರ ನಿಂತಿತು. ಮೊದಲ ಕಿಕ್ಕಿಗೇ ಇಂಜಿನ್ ಎದ್ದಿತು.

ಮರುದಿನ ಗೇರುಸೊಪ್ಪೆಯ ಘಾಟಿ ಇಳಿಯುವಾಗ ಹಿಂದೆ ಕುಳಿತ ಅವನೇ ಎಚ್ಚರಿಸಿದ: “ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯಬೇಡ, ಆಗಾಗ ತಿರುವು. ಪೆಟ್ರೋಲ್ ಹೋಗದಿದ್ದರೆ ಎಣ್ಣೆಯೂ ಹೋಗಲ್ಲ, ಪಿಸ್ಟನ್ ಕಚ್ಚಿಕೊಳ್ಳುತ್ತೆ.” ಹೊನ್ನಾವರ, ಕುಮಟಾ ದಾಟಿ ಗೋಕರ್ಣ ಸೇರುವ ತನಕ ಅವನ ಮಾತು ನಿಲ್ಲಲಿಲ್ಲ. ಕೋಟಿತೀರ್ಥದಲ್ಲಿ ಇಬ್ಬರೂ ಒಟ್ಟಿಗೆ ತಂದೆಯವರಿಗೆ ಎಳ್ಳುನೀರು ಬಿಟ್ಟೆವು.

ಊರಿಗೆ ಬಂದ ಮೇಲೆ ಗದ್ದೆಯ ನನ್ನ ಪಾಲನ್ನು ಅವನ ಹೆಸರಿಗೆ ಬರೆದುಕೊಟ್ಟೆ. ಇದನ್ನು ಔದಾರ್ಯವೆಂದು ಯಾರೂ ಭಾವಿಸಬಾರದು. ತಡವಾಗಿ ತೀರಿಸಿದ ಸಾಲವದು. ಜಾವಾ ಅವನಲ್ಲಿಯೇ ಉಳಿಯಿತು, ಇಂದಿಗೂ ಇದೆ. ಫೀಲರ್ ಗೇಜ್ ಮಾತ್ರ ಹೇಗೋ ನನ್ನ ಚೀಲದಲ್ಲಿ ಉಳಿದುಬಿಟ್ಟಿತು. ಪಾಯಿಂಟ್ ಸರಿಪಡಿಸಬೇಕಾದಾಗಲೆಲ್ಲ ಅವನು ಅದಕ್ಕಾಗಿ ನಮ್ಮ ಮನೆಗೆ ಬರುತ್ತಾನೆ; ಊಟ ಮಾಡಿ, ಸಂಜೆಯವರೆಗೂ ಇದ್ದು ಹೋಗುತ್ತಾನೆ. ಯಾವ ಅಂಗಡಿಯಲ್ಲಾದರೂ ಅಲ್ಪ ಬೆಲೆಗೆ ಸಿಗುವ ವಸ್ತು ಅದು. ಕೊಂಡುಕೋ ಎಂದು ನಾನು ಹೇಳಿಲ್ಲ. ಕೊಟ್ಟುಬಿಡು ಎಂದು ಅವನೂ ಕೇಳಿಲ್ಲ.