ಮಾವನ ಫ್ರೀವೀಲು

ಮೊನ್ನೆ ಮಂಗಳೂರಿಗೆ ಹೋಗುವ ಹಗಲು ರೈಲು ಎಡಕುಮೇರಿಯಲ್ಲಿ ಕ್ರಾಸಿಂಗಿಗೆಂದು ನಿಂತಿತ್ತು. ಎದುರು ಸೀಟಿನ ಮಗು ಆಟದ ಕಾರಿಗೆ ಕೀ ಕೊಡುತ್ತಿತ್ತು: ಕರ್ರ್, ಕರ್ರ್. ಅದರಮ್ಮ 'ಸಾಕು ಮಾಡೋ' ಅಂತ ಗದರಿದರೆ, ನನಗೆ 'ಇನ್ನೆರಡು ಸುತ್ತು ಕೊಡು ಮರಿ' ಅನ್ನುವ ಆಸೆ. ಸೈಕಲ್ಲಿನ ಫ್ರೀವೀಲಿನ ಸದ್ದೂ ಇದೇ ವಂಶದ್ದು.

ನನಗೆ ಸೈಕಲ್ ದಕ್ಕಿದ್ದೇ ಎಡಕುಮೇರಿಯ ದೆಸೆಯಿಂದ. 1979ರಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ ಪೂರ್ತಿಯಾಯಿತಲ್ಲ, ಆಮೇಲೆ ರೈಲ್ವೆಯಲ್ಲಿದ್ದ ಸೋದರಮಾವನಿಗೆ ಅಲ್ಲಿಗೆ ವರ್ಗವಾಯಿತು. ಸುತ್ತ ಸುರಂಗ, ಸೇತುವೆ, ಕಾಡು. ಸೈಕಲ್ ಓಡಿಸಲು ರಸ್ತೆಯೆಲ್ಲಿ? ಮಾವ ತಮ್ಮ ಹರ್ಕ್ಯುಲಿಸನ್ನು ಆಲೂರಿನ ನಮ್ಮ ಜಗಲಿಗೆ ಒರಗಿಸಿ ರೈಲು ಹತ್ತಿದರು.

ರಜೆಗೆ ಬಂದರೆ ನಮ್ಮಮ್ಮನನ್ನು ಮಾತಾಡಿಸುವ ಮೊದಲೇ ಪೆಡಲು ಹಿಂದಕ್ಕೆ ತಿರುಗಿಸಿ ಕಿವಿಗೊಡುತ್ತಿದ್ದರು. 'ಸದ್ದು ಸಪ್ಪೆ ಆಗಿದೆ ಅಳಿಯಾ, ಸ್ಪ್ರಿಂಗ್ ಹೋಗಿರಬೇಕು.' ಮಲೆನಾಡಿನ ಮಳೆಗೆ ಫ್ರೀವೀಲೊಳಗೆ ಗ್ರೀಸೆಲ್ಲಿ ಉಳಿದೀತು? ಒಳಗಿರುವುದು ಎರಡೇ ಪುಟ್ಟ ಕೊಕ್ಕೆ. ಅವನ್ನು ಎತ್ತಿ ಹಲ್ಲಿಗೆ ಒತ್ತುವುದು ಕೂದಲೆಳೆಯ ಸ್ಪ್ರಿಂಗು. ಕೊಕ್ಕೆ ಕಚ್ಚದಿದ್ದರೆ ಏರಿನಲ್ಲಿ ಪೆಡಲು ಬರಿದೇ ಗಿರ್ರನೆ ತಿರುಗುತ್ತದೆ.

ನನ್ನ ಪ್ರಕಾರ 1888ರ ಡನ್‌ಲಪ್ಪನ ಗಾಳಿ ಟೈರಿಗಿಂತ ಈ ಕೊಕ್ಕೆಯೇ ದೊಡ್ಡ ಸಂಗತಿ. ಫ್ರೀವೀಲ್ ಇಲ್ಲದ ಕಾಲದಲ್ಲಿ ಚಕ್ರ ತಿರುಗಿದಷ್ಟೂ ಪೆಡಲೂ ತಿರುಗಬೇಕಿತ್ತು. ಇಳಿಜಾರಿನಲ್ಲಿ ಕಾಲೆತ್ತಿ ಇಟ್ಟುಕೊಳ್ಳಲೆಂದೇ ಮುಂದಿನ ಫೋರ್ಕಿಗೆ ಎರಡು ಗೂಟ ಕೊಟ್ಟಿರುತ್ತಿದ್ದರು! ಯಾವನೋ ಕಾಫಿ ತೋಟದ ದೊರೆ ಹಾಗೆ ಕಾಲೆತ್ತಿಕೊಂಡು ದೋಣಿಗಾಲಿನಿಂದ ಶಿರಾಡಿ ಘಾಟಿ ಇಳಿದಿದ್ದರೆ ಎಂದು ಕಲ್ಪಿಸಿಕೊಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ. ಟೈರಿನವನ ಹೆಸರು ಊರಿಗೆಲ್ಲ ಗೊತ್ತು, ಕೊಕ್ಕೆಯವನದು ಯಾರಿಗೂ ಬೇಡ.

ಫ್ರೀವೀಲಿನ ಮುಚ್ಚಳದ್ದು ಉಲ್ಟಾ ಥ್ರೆಡ್ಡು. ಅದರ ಗುಳಿಗೆ ಪಂಚಿಟ್ಟು, ಸಾಮಾನ್ಯ ನಟ್ಟು ಬಿಗಿಮಾಡುವ ದಿಕ್ಕಿಗೆ ಹೊಡೆದರೆ ಇದು ಬಿಚ್ಚಿಕೊಳ್ಳುತ್ತದೆ. ಒಳಗಿನ ಗುಂಡುಗಳು ಚೆಲ್ಲದಂತೆ ಮಾವ ಕೆಳಗೆ ಊಟದ ತಟ್ಟೆ ಇಡಿಸುತ್ತಿದ್ದರು. ಹಿಂಚಕ್ರದ ಹಬ್ಬಿನ ಗುಂಡಾದರೆ ಕಾಲಂಗುಲದ್ದು, ಬದಿಗೆ ಒಂಬತ್ತು. ಒಂದು ಉರುಳಿಹೋದರೂ ಲೆಕ್ಕಕ್ಕೆ ಸಿಗುತ್ತದೆ. ಫ್ರೀವೀಲಿನವು ಕೊತ್ತಂಬರಿ ಕಾಳಿನಷ್ಟೇ, ಚೆಲ್ಲಿದರೆ ಜಗಲಿಯ ಬಿರುಕೆಲ್ಲ ಹುಡುಕಬೇಕು. ಸೀಮೆಎಣ್ಣೆಯಲ್ಲಿ ತೊಳೆದು, ನಶ್ಯದ ಡಬ್ಬಿಯಿಂದ ಹಳೆಯ ಸ್ಪ್ರಿಂಗುಗಳನ್ನು ಒಂದೊಂದಾಗಿ ಸಂದಿಗಿಟ್ಟು ನೋಡುತ್ತಿದ್ದರು. ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಈಗಿನ ಶಾಪಿನಲ್ಲಿ ಸ್ಪ್ರಿಂಗ್ ಕೇಳಿದರೆ ಹುಡುಗ ನಮ್ಮ ಮುಖ ನೋಡಿ ಇಡೀ ಫ್ರೀವೀಲನ್ನೇ ಎತ್ತಿ ಕೊಡುತ್ತಾನೆ.

1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಹಳಿ ಮುಚ್ಚಿದರು. ಮಾವನಿಗೆ ಅರಸೀಕೆರೆಗೆ ವರ್ಗ. ಅಲ್ಲಿ ರಸ್ತೆಗಳಿದ್ದವು. ಮುಂದಿನ ಭಾನುವಾರವೇ ಬಂದು ಸೈಕಲ್ ಒಯ್ದರು. ನಶ್ಯದ ಡಬ್ಬಿಯನ್ನು ಅವರು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.