ಎರೆಹೊಲದ ಸುದ್ದಿ

ಪ್ರೀತಿಯ ತಂಗೀ,

ಹಾಸ್ಟೆಲ್ಲಿನಲ್ಲಿ ಮೂರು ಹೊತ್ತೂ ಅನ್ನ ಉಂಡು ಬಾಯಿ ಕೆಟ್ಟಿದೆ ಎಂದು ಬರೆದಿದ್ದೀಯಲ್ಲ, ಓದಿ ನಿನ್ನ ದೊಡ್ಡವ್ವ ನಕ್ಕಳು. ಆಮೇಲೆ ಸುಮ್ಮನೆ ಎದ್ದು ಹೋಗಿ ನಿನಗೆಂದು ಕಟಕ ರೊಟ್ಟಿ ಬಡಿಯಲು ಕೂತಳು. ಆದರೆ ಅಕ್ಕಿಯನ್ನು ಬೈಯಬೇಡ ಮಾರಾಯ್ತಿ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಗಂಗಾವತಿ, ಸಿಂಧನೂರಿನವರು ಭತ್ತ ಬೆಳೆಯುವುದರಿಂದಲೇ ನಮ್ಮ ಇಟಗಿಯ ಮನೆಯಲ್ಲೂ ರಾತ್ರಿ ಅನ್ನ-ಸಾರು. ಅವರಿಗೆ ಭತ್ತ ಹೇಗೋ ನಮಗೆ ಬಿಳಿಜೋಳ ಹಾಗೆ. ಹಸ್ತ ಮಳೆಯ ಹದಕ್ಕೆ ಬಿತ್ತಿದರೆ ಸಾಕು, ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆ ಮೇಲೇಳುತ್ತದೆ.

ಈ ಬೆಳೆಗೆ ಪಾಲುಗಾರರು ಬಹಳ. ತೆನೆ ಹಾಲುಗಾಳಿಗೆ ಬಂದ ಕೂಡಲೇ ಗಿಳಿ, ಗುಬ್ಬಿ ಹಿಂಡುಹಿಂಡಾಗಿ ಇಳಿಯುತ್ತವೆ. ಚಿಕ್ಕವಳಿದ್ದಾಗ ನೀನು ಮಂಚಿಕೆಯ ಮೇಲೆ ಕವಣೆ ಹಿಡಿದು ಕೂತು, ಒಂದೂ ಕಲ್ಲು ಬೀಸದೆ ಸೀತನಿ ತಿಂದು ಇಳಿದವಳು. ಗಿಳಿಗಳಿಗಿಂತ ಇವಳೇ ಹೆಚ್ಚು ತಿಂದಳು ಎಂದು ನಿನ್ನ ದೊಡ್ಡಪ್ಪ ಈಗಲೂ ಆಡಿಕೊಳ್ಳುತ್ತಾನೆ. ಚಿಗರಿಗಳ ಮೇಲೆ ಮಾತ್ರ ಅವನಿಗೆ ಸಿಟ್ಟು, ಎಳೆ ಪೈರು ಮೇಯ್ದು ಹೋಗುತ್ತವೆಂದು. ಆದರೆ ಈ ಬಯಲಿನಲ್ಲಿ ಅವು ಇನ್ನೆಲ್ಲಿಗೆ ಹೋದಾವು ಹೇಳು? ಹೊಲವೇ ಅವುಗಳ ಅಡವಿ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಅಷ್ಟೆ, ಚಳಿಗಾಲವೆಲ್ಲ ಸುತ್ತಲ ಹೊಲಗಳಲ್ಲೇ ಮೇಯುತ್ತವೆ. 2024ರಲ್ಲಿ ಆ ಕೆರೆಗೆ ಮಹತ್ವದ ಜೌಗು ತಾಣವೆಂದು ರಾಮ್ಸರ್ ಮನ್ನಣೆ ಸಿಕ್ಕಾಗ ನನಗೆ ಹಿಗ್ಗೋ ಹಿಗ್ಗು. ಕೆರೆಯ ಜೊತೆಗೆ ಹೊಲಗಳನ್ನೂ ಯಾರಾದರೂ ನೆನೆದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

ಸುಗ್ಗಿಯ ಮಾತು ಬಂದರೆ ಈಗ ಮನಸ್ಸು ಭಾರವಾಗುತ್ತದೆ. ಜೋಳ ಕೀಳಬೇಕು, ತೆನೆ ಮುರಿಯಬೇಕು, ಕಣಿಕೆ ಕಟ್ಟಿ ಬಣವೆ ಒಟ್ಟಬೇಕು. ಎಲ್ಲಕ್ಕೂ ಕೈ ಬೇಕು. ಓಣಿಯ ಹೆಣ್ಣುಮಕ್ಕಳಿಗೆ ಕೂಲಿ, ಎತ್ತುಗಳಿಗೆ ಮೇವು, ಎರಡೂ ಅದರಿಂದಲೇ ಹುಟ್ಟುತ್ತಿದ್ದವು. ಆಳು ಸಿಗುವುದಿಲ್ಲವೆಂದು ಹೊಲದವರು ಕಡಲೆಗೆ ಹೊರಳಿದರು, ಹೊಲದಲ್ಲಿ ಕೆಲಸವಿಲ್ಲವೆಂದು ಆಳುಗಳು ಗೋವಾ, ಮಂಗಳೂರಿನ ಬಸ್ಸು ಹತ್ತಿದರು. ಯಾವುದು ಮೊದಲಾಯಿತೋ ಯಾರು ಹೇಳಬೇಕು. ದರವನ್ನೂ ನೋಡು, 2025-26ರಲ್ಲಿ ಮಾಲ್ದಂಡಿ ಜೋಳಕ್ಕೆ ಕ್ವಿಂಟಲ್ಲಿಗೆ 3,749 ರೂಪಾಯಿ ಬೆಂಬಲ ಬೆಲೆ, ಕಡಲೆಗೆ 5,650. ಈ ಸಲ ಇಡೀ ಹೊಲಕ್ಕೆ ಕಡಲೆಯನ್ನೇ ಬಿತ್ತೋಣ ಎನ್ನುತ್ತಿದ್ದಾನೆ ನಿನ್ನ ದೊಡ್ಡಪ್ಪ. ಅವನದು ತಪ್ಪು ಎನ್ನಲಾರೆ, ಸಾಲದ ಕಂತು ಅವನ ತಲೆಯ ಮೇಲಿದೆ. ಆದರೂ ಬಣವೆ ಇಲ್ಲದ ಹಿತ್ತಿಲು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟ.

ಎಳ್ಳಮಾಸಿಗೆ ರಜೆ ಹಾಕಿ ಬಾ. ದೊಡ್ಡವ್ವನಿಗೆ ಮೊಣಕಾಲು ನೋವು, ಚರಗದ ಬುತ್ತಿ ಹೊರಲು ಈ ಸಲ ನೀನೇ ಬೇಕು. ಅದಕ್ಕೂ ಮೊದಲು, ಬಿತ್ತಿಗೆಗೆ ಮುಂಚೆಯೇ, ನಿನ್ನ ದೊಡ್ಡಪ್ಪನಿಗೊಂದು ಫೋನ್ ಮಾಡು. ಎರಡು ಎಕರೆಯಾದರೂ ಜೋಳಕ್ಕೆ ಬಿಡು ಅನ್ನು. ನಾನು ಹೇಳಿದರೆ ಗೊಣಗುತ್ತಾನೆ. ನೀನು ಕೇಳಿದರೆ ಇಲ್ಲವೆನ್ನುವುದಿಲ್ಲ.

ನಿನ್ನ ಅಕ್ಕ